ಹಳೇ ಗ್ರೀಸು

"ಮೋಟರು ತಗೊಂಡು ಹೋಗಪ್ಪ, ಬೇಡ ಅನ್ನಲ್ಲ. ಒರೆಸು, ಬಣ್ಣ ಬಳಿ, ಚೆಂದಕ್ಕೆ ಮನೇಲಿಟ್ಕೋ. ಆದ್ರೆ ಕೆಳಗಿನ ಗೇರ್ ಡಬ್ಬಿ ಮಾತ್ರ ಬಿಚ್ಚಬೇಡ. ಒಳಗಿನ ಗ್ರೀಸು ಹಂಗೇ ಇರ್ಲಿ."

ದೋಣಿಯವನ ವಿಧವೆ ಹೀಗೆಂದಾಗ ಮೆಕ್ಯಾನಿಕ್ಕನಿಗೆ ನಗು ತಡೆಯಲಾಗಲಿಲ್ಲ. ದೋಣಿಯ ಹಿಂಬದಿಗೆ ಬಿಗಿಯುವ ಹಳೇ ಕಾಲದ ಮೋಟರುಗಳನ್ನು ಹುಡುಕಿ ತಂದು ಜೀವ ಬರಿಸುವುದೇ ಅವನ ಕಸುಬು. ಎಂಥ ಮೋಟರೇ ಬರಲಿ, ಮೊದಲು ಹಳೇ ಗ್ರೀಸನ್ನು ಬಳಿದು ತೆಗೆದು ಸೀಮೆಎಣ್ಣೆಯಲ್ಲಿ ತೊಳೆಯಬೇಕು. ಆಮೇಲೆ ಉಳಿದ ಮಾತು.

"ಯಾಕಜ್ಜಿ, ಗ್ರೀಸಲ್ಲಿ ಚಿನ್ನ ಹೂತಿಟ್ಟಿದ್ದೀರಾ?"

ಮುದುಕಿ ನಗಲಿಲ್ಲ. "ದೋಣಿ ತಮ್ಮನ ಪಾಲಿಗೆ ಹೋಯ್ತಲ್ಲ ಅಂತ ನಮ್ಮ ಭಾವ ಮಾಟ ಮಾಡಿಸಿದ. ಹಗ್ಗ ಎಳೆದು ಸ್ಟಾರ್ಟ್ ಮಾಡಿದವರ ಕೈನ ಅದು ಬಿಡಲ್ಲ. ತೆಗೆಯೋಕೆ ಯಾರಿಂದಲೂ ಆಗ್ಲಿಲ್ಲ. ಕಟ್ಟಿ ಹಾಕಿದ್ದೀವಿ, ಅಷ್ಟೇ. ನೀನು ಈ ಊರಿಗೆ ಹೊಸಬ. ನಿಂಗೆ ಗೊತ್ತಾಗಲ್ಲ."

"ಮೋಟರಿಗೆ ಗೊತ್ತಿರೋದು ಪೆಟ್ರೋಲು, ಗಾಳಿ, ಕಿಡಿ. ಮಾಟ ಅಲ್ಲಜ್ಜಿ," ಎಂದು ಅವನು ಅದನ್ನು ಹೆಗಲಿಗೇರಿಸಿದ.

ಬಾಗಿಲಲ್ಲೇ ಹೆಂಡತಿ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು. "ಬಂದಳಾ ಇನ್ನೊಬ್ಬ ಸವತಿ? ಇವಳಿಗೆ ಸ್ನಾನ, ಇವಳಿಗೆ ಅಲಂಕಾರ. ನನ್ನ ಕಡೆ ತಿರುಗಿ ನೋಡೋಕೆ ಮಾತ್ರ ಪುರುಸೊತ್ತಿಲ್ಲ."

"ಇವಳು ಬಾಯಿ ಮಾಡಲ್ಲ ಕಣೇ."

"ಸ್ಟಾರ್ಟ್ ಆಗ್ಲಿ, ನೋಡೋಣ!"

ಮರುದಿನ ಶೆಡ್ಡಿನಲ್ಲಿ ಅವನು ಡಬ್ಬಿಯ ತಿರುಪು ಬಿಚ್ಚಿದ. ಬೆರಳು ತೂರುವಷ್ಟು ಅಗಲದ ತೂತು. ಸುಟ್ಟ ಕೂದಲಿನ ವಾಸನೆ ಮೂಗಿಗೆ ಬಡಿಯಿತು. ಗ್ರೀಸು ಮಸಿಯಂತೆ ಕಪ್ಪಗೆ, ಗಂಟುಗಂಟಾಗಿ, ಕಡ್ಡಿಗೆ ಅಂಟಿಕೊಂಡು ಬಂತು. ಅದರೊಳಗೆ ಎರಡು ಮೂಳೆಯ ಚೂರು, ಬಾಗಿದ ತೆಳ್ಳನೆಯದೊಂದು ಪೊರೆ. ಯಾವುದೋ ಮೀನು ಹೊಕ್ಕು ಸತ್ತಿದೆ, ಪೊರೆ ಅದರ ಹುರುಪೆ, ಎಂದುಕೊಂಡ. ಎಲ್ಲವನ್ನೂ ಸೀಮೆಎಣ್ಣೆಯ ಜೊತೆ ಚರಂಡಿಗೆ ಸುರಿದು, ಜೇನಿನ ಬಣ್ಣದ ಹೊಸ ಗ್ರೀಸು ತುಂಬಿದ. ಚಕ್ರ ಬೆಣ್ಣೆಯಂತೆ ತಿರುಗಿತು.

ವಾರದ ಮೇಲೆ, ಬಿಸಿಲೇರುವ ಹೊತ್ತಿಗೆ ಗಂಡ ಹೆಂಡತಿ ಆ ಮೋಟರು ಬಿಗಿದ ದೋಣಿಯನ್ನು ಊರ ಸರೋವರಕ್ಕೆ ಇಳಿಸಿದರು. ಅವನು ಪೆಟ್ರೋಲಿನ ಹರಿವು ಹೊಂದಿಸುವ ಸೂಜಿ ತಿರುವುತ್ತಾ, "ಹಗ್ಗ ನೀನೇ ಎಳಿ. ನಿನ್ನ ಕೈಗುಣ ಒಳ್ಳೇದು," ಎಂದ.

ಅವಳು ಎಳೆದಳು. ಒಂದೇ ಎಳೆತಕ್ಕೆ ಮೋಟರು ಎದ್ದಿತು. ನೀಲಿ ಹೊಗೆ. ಟಪಟಪ ಸದ್ದು. ಅವಳು ನಗುತ್ತಾ ಚುಕ್ಕಾಣಿಯ ಹಿಡಿ ಹಿಡಿದಳು. ದಡ ಹಿಂದೆ ಸರಿಯಿತು. ಅಷ್ಟರಲ್ಲಿ ಅದೇ ಸುಟ್ಟ ಕೂದಲಿನ ವಾಸನೆ.

"ರೀ, ಕೈ ಬರ್ತಿಲ್ಲ."

"ತಮಾಷೆ ಸಾಕು."

"ತಮಾಷೆ ಅಲ್ಲ ರೀ! ಬರ್ತಿಲ್ಲ!"

ಅವಳ ಬಲ ಅಂಗೈ ಹಿಡಿಗೆ ಅಂಟಿಕೊಂಡಿತ್ತು. ಚರ್ಮದ ಕೆಳಗೆ ಕಪ್ಪು ಹಬ್ಬುತ್ತಿತ್ತು, ನರನರದಲ್ಲೂ ಗ್ರೀಸು ತುಂಬಿದ ಹಾಗೆ. ಮಣಿಕಟ್ಟು ದಾಟಿತು. ಅವನು ಪೆಟ್ರೋಲು ಮುಚ್ಚಿದ. ಮೋಟರು ಓಡುತ್ತಲೇ ಇತ್ತು. ಪ್ಲಗ್ಗಿನ ವೈರು ಕಿತ್ತ. ಓಡುತ್ತಲೇ ಇತ್ತು. ಪೆಟ್ರೋಲಿಲ್ಲ, ಕಿಡಿಯಿಲ್ಲ. ಅವನು ಕಲಿತ ವಿದ್ಯೆ ಅಲ್ಲಿಗೆ ಮುಗಿಯಿತು. ಮೋಟರನ್ನು ಒಳಕ್ಕೆ ಬಗ್ಗಿಸಿ, ಗೇರ್ ಡಬ್ಬಿ ಮತ್ತು ಪಂಖವಿರುವ ಅದರ ಕಾಲನ್ನು ನೀರಿನಿಂದ ಮೇಲೆತ್ತಿದ. ಹೆಂಡತಿ ಹಿಡಿಯ ಜೊತೆಗೇ ಮೊಣಕಾಲೂರಿದಳು. ಪಂಖ ಬರೀ ಗಾಳಿಯಲ್ಲಿ ಗಿರ್ರೆನ್ನುತ್ತಿತ್ತು.

ದೋಣಿ ನಿಲ್ಲಲಿಲ್ಲ. ನಡುನೀರಿನತ್ತ ಸಾಗುತ್ತಲೇ ಇತ್ತು.

ಕಪ್ಪು ಮೊಣಕೈಗೆ ಬಂತು.

"ತಣ್ಣಗಾಗ್ತಿದೆ ರೀ. ಏನಾದ್ರೂ ಮಾಡಿ. ಕೈ ಕಡಿದುಬಿಡಿ, ಪರವಾಗಿಲ್ಲ."

"ಬಾಯಿ ಮುಚ್ಚೇ!" ಎಂದು ಅತ್ತುಬಿಟ್ಟ.

ಗ್ರೀಸು. ಗ್ರೀಸು ಕಟ್ಟಿ ಹಾಕಿತ್ತು. ದೋಣಿಯ ಹಿಂಬದಿಗೆ ಬೋರಲು ಬಿದ್ದು, ತಿರುಗುವ ಪಂಖದ ಪಕ್ಕದಲ್ಲೇ ಕೈಚಾಚಿ ಡಬ್ಬಿಯ ತಿರುಪು ಬಿಚ್ಚಿದ. ಜೊತೆಗೆ ತಂದಿದ್ದ ಹೊಸ ಗ್ರೀಸನ್ನೆಲ್ಲಾ ಅದರೊಳಗೆ ತುರುಕಿದ. ಅದು ನುಂಗಿತು. ಸದ್ದು ಬದಲಾಗಲಿಲ್ಲ. ಕಪ್ಪು ತೋಳಿಗೇರಿತು. ಹಳೇ ಗ್ರೀಸಿನಲ್ಲಿ ಇನ್ನೇನಿತ್ತು? ಮೂಳೆ. ಪೊರೆ. ಆ ಪೊರೆ ಬಾಗಿತ್ತು, ನುಣುಪಾಗಿತ್ತು, ಬುಡದಲ್ಲೊಂದು ಬಿಳಿಯ ಅರೆಚಂದ್ರವಿತ್ತು.

ಯಾವ ಮೀನಿಗೂ ಉಗುರಿರುವುದಿಲ್ಲ.

"ಕಣ್ಣು ಮುಚ್ಚು," ಎಂದ.

"ಏನ್ಮಾಡ್ತೀರಿ? ರೀ, ಏನ್ಮಾಡ್ತಿದ್ದೀರಿ?"

ಎಡಗೈಯ ಕಿರುಬೆರಳನ್ನು ತೂತಿನೊಳಗೆ ತೂರಿಸಿದ. ಗೇರಿನ ಹಲ್ಲುಗಳು ಕಾದು ಕೂತಿದ್ದವು. ಕಟಕ್. ಅವನ ಕೂಗು ನೀರಿನ ಮೇಲೆ ಹರಡಿ ಎಲ್ಲೋ ಅಡಗಿತು. ಮೋಟರು ತಡವರಿಸಿತು. ಕಪ್ಪು ನಿಂತಿತು. ಇಳಿಯಲಿಲ್ಲ. ಕಾಯುತ್ತಿತ್ತು.

ಸಾಲಲಿಲ್ಲ.

ಉಂಗುರದ ಬೆರಳು. ಕಟಕ್. ಕಪ್ಪು ಮೊಣಕೈಗಿಳಿಯಿತು. ನಡುಬೆರಳು.

ಮೋಟರು ಒಮ್ಮೆ ಬಿಕ್ಕಿ ನಿಂತಿತು. ಕೊನೆಯ ಕಪ್ಪು ಅಂಗೈಯಿಂದ ಹಿಡಿಗೆ ಜಾರಿತು. ಹೆಂಡತಿ ಹಿಂದಕ್ಕೆ ಬಿದ್ದಳು. ಅವಳಿಗೆ ಉಸಿರಿತ್ತು. ಬಲಗೈ ಮಾತ್ರ ಒದ್ದೆ ಬಟ್ಟೆಯಂತೆ ಜೋತಿತ್ತು. ಅವನು ತಿರುಪು ಬಿಗಿದ. ಅವಳು ಎಡಗೈ ಮತ್ತು ಹಲ್ಲಿನಿಂದ ಸೆರಗು ಹರಿದು ಅವನ ಕೈ ಕಟ್ಟಿದಳು. ಮೋಟರನ್ನು ಕಳಚಿ ನೀರಿಗೆ ನೂಕಲು ಅವನು ಕೈ ಚಾಚಿದಾಗ, "ಮುಟ್ಟಬೇಡಿ," ಎಂದಳು. "ಕೈ ಮುಗೀತೀನಿ, ಮುಟ್ಟಬೇಡಿ." ಮುಗಿಯಲು ಅವಳಿಗೆ ಒಂದೇ ಕೈಯಿತ್ತು.

ದಡ ದೂರದಲ್ಲಿ ಗೆರೆಯಂತಿತ್ತು. ಹುಟ್ಟುಗಳು ಎರಡಿದ್ದವು. ಪಕ್ಕಪಕ್ಕ ಕೂತು ಅವನು ಬಲಗೈಯಲ್ಲಿ ಒಂದನ್ನು, ಅವಳು ಎಡಗೈಯಲ್ಲಿ ಇನ್ನೊಂದನ್ನು ಹಿಡಿದರು. ಹುಟ್ಟು ಹಾಕುವವರು ದಡಕ್ಕೆ ಬೆನ್ನು ಮಾಡಿ, ದೋಣಿಯ ಹಿಂಬದಿಯನ್ನೇ ನೋಡುತ್ತಾ ಕೂರಬೇಕು. ಮೋಟರು ಎದುರಿಗೇ ಇತ್ತು. ರೆಪ್ಪೆ ಮಿಟುಕಿಸದೆ, ಅದರ ಚಕ್ರ ಅಲುಗುತ್ತದೇನೋ ಎಂದು ನೋಡುತ್ತಾ, ಇಬ್ಬರೂ ಹುಟ್ಟು ಹಾಕುತ್ತಲೇ ಇದ್ದರು.