ಗಾಲಿಯಡಿಯ ನಿಂಬೆ

“ಅದನ್ನ ಮುಟ್ಟಬ್ಯಾಡ್ರಿ ಸಾಹೇಬ್ರ. ನನ್ನ ಮಗಳ ಮ್ಯಾಲಿಂದ ನೀವಾಳಿಸಿ ಇಟ್ಟಿದ್ದು ಐತಿ.”

ಚಹಾದಂಗಡಿಯ ಜಂಬಕ್ಕನ ಮಾತು ಕೇಳಿ, ಬಾಗಿದ್ದ ಪಾಲಾಕ್ಷ ಬಾಗಿದಂತೆಯೇ ನಕ್ಕ. ಚಿಗಟೇರಿಯಿಂದಾಚೆ, ಇನ್ನೂ ವಾಹನಗಳಿಗೆ ತೆರೆಯದ ಬೈಪಾಸಿಗೆ ಹಳೆಯ ಹಾದಿ ಬಂದು ಕೂಡುವ ಮೂರುದಾರಿ ಅದು. ಬೆಳಕು ಹರಿದಿರಲಿಲ್ಲ. ಮುತ್ತುಗದ ಎಲೆಯ ಮೇಲೆ ಕುಂಕುಮ ಕಲಸಿದ ಅನ್ನ, ಸುಟ್ಟ ಮೆಣಸಿನಕಾಯಿ, ನಾಲ್ಕು ನಿಂಬೆಹಣ್ಣು. ಆರಿದ ಲೋಬಾನದ ವಾಸನೆ ನೆಲಕ್ಕೆ ಅಂಟಿಕೊಂಡಿತ್ತು.

“ನಿಂಬಿಹಣ್ಣಿನಾಗ ಹುಳಿ ಇರತೈತಿ ಅವ್ವಾ, ದೆವ್ವ ಇರಂಗಿಲ್ಲ. ನಾ ಕಾಲೇಜಿನಾಗ ಕೆಮಿಸ್ಟ್ರಿ ಪಾಠ ಮಾಡ್ತೀನಿ.”

“ಮಾಡ್ರಿ, ಯಾರು ಬ್ಯಾಡಂದ್ರು. ನನ್ನ ಮಗಳು ಹೊನ್ನೂರಮ್ಮನ ಉಬ್ಬಸ ಅದು. ದಾಟಿದವರ ಎದಿಗೆ ಹತ್ತತೈತಿ.”

ಅವಳು ಒಲೆ ಊದಲು ಒಳಗೆ ಹೋದಳು. ಪಾಲಾಕ್ಷ ನಾಲ್ಕೂ ಹಣ್ಣುಗಳನ್ನು ಜೇಬಿಗಿಳಿಸಿದ.

ಅವನಿಗೆ ಅವು ಬೇಕಾಗಿದ್ದವು. ದೂರದ ಓಟಕ್ಕೆಂದೇ ಮಾಡಿದ, ಉದ್ದ ಮೂತಿಯ, ಎರಡು ಬಾಗಿಲಿನ ಹಳೆಯ ಜಿಟಿ ಕಾರುಗಳನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡು ಓಡಿಸುವ ಹವ್ಯಾಸಿಗಳ ಗುಂಪಿನೊಂದಿಗೆ ಅವನು ಅಲ್ಲಿಗೆ ಬಂದಿದ್ದ. ವ್ಯಾಪಾರಿಗಳು, ಗುತ್ತಿಗೆದಾರರು, ಒಬ್ಬ ದಂತವೈದ್ಯ. ದೀಪಾವಳಿಯಿಂದ ಶುರುವಾದ ಸೀಸನ್ನಿನ ಕೊನೆಯ ಸುತ್ತು ಇವತ್ತು. ಒಂದೊಂದೇ ಕಾರು ಓಡಬೇಕು. ಕಡಿಮೆ ಸಮಯ ತೆಗೆದುಕೊಂಡವನು ಗೆದ್ದಂತೆ. ಬಹುಮಾನದ ಕಪ್ಪಿಗೆ ಉಳಿದಿದ್ದವರು ಇಬ್ಬರೇ: ಈ ವರ್ಷ ಹೊಸದಾಗಿ ಬಂದ ಪಾಲಾಕ್ಷ ಮತ್ತು ಅವನನ್ನು ಕರೆತಂದ ಕೊಟ್ಟೂರಿನ ಟೈರ್ ಅಂಗಡಿಯ ಗುರುಶಾಂತ. ತಿರುವಿನಲ್ಲಿ ಬ್ರೇಕನ್ನು ಎಲ್ಲಿ ಬಿಡಬೇಕೆಂದು ಪಾಲಾಕ್ಷನಿಗೆ ಪಕ್ಕದಲ್ಲಿ ಕೂತು ಕಲಿಸಿದವನೇ ಗುರುಶಾಂತ.

ಓಟಕ್ಕೆ ಮೊದಲು ನಾಲ್ಕು ಗಾಲಿಗಳಡಿ ನಾಲ್ಕು ನಿಂಬೆ ಇಟ್ಟು ಹಾಯಿಸುವುದು ಗುಂಪಿನ ರೂಢಿ. ನಿಂಬೆ ತರುವ ಕೆಲಸವನ್ನು ಗುರುಶಾಂತನೇ ಅವನಿಗೆ ಒಪ್ಪಿಸಿದ್ದ. “ನಂಬದವನ ಕೈಲೇ ತರಸ್ಬೇಕಲೇ,” ಎಂದು ನಕ್ಕಿದ್ದ, “ಪಾಪ ಪುಣ್ಯದ ಲೆಕ್ಕ ಸರಿ ಹೊಕ್ಕತಿ.” ಕಾರಿನ ಡಿಕ್ಕಿಯ ಬಿಸಿಗೆ ಚೀಲದಲ್ಲಿದ್ದ ಅರ್ಧದಷ್ಟು ಹಣ್ಣು ಕೊಳೆತಿದ್ದವು. ಇತರರಿಗೆ ಕೊಟ್ಟು ಉಳಿದಿದ್ದು ನಾಲ್ಕು. ಜೇಬಿನಲ್ಲಿ ನಾಲ್ಕು.

ಚೀಲದ ಹಣ್ಣುಗಳನ್ನು ತನ್ನ ಗಾಲಿಗಳಡಿ ಇಟ್ಟ. ಜೇಬಿನವನ್ನು ಗುರುಶಾಂತನ ಗಾಲಿಗಳಡಿ.

ಮೊಣಕಾಲಿನ ಧೂಳು ಕೊಡವುತ್ತ ಎದ್ದಾಗ ಒಂದು ಪ್ರಶ್ನೆಯೂ ಜೊತೆಗೇ ಎದ್ದಿತು. ನಂಬದವನು ಅವನ್ನು ತನ್ನ ಕಾರಿಗೇ ಇಡಬಹುದಿತ್ತಲ್ಲ? ಎರಡು ಹೆಜ್ಜೆ ಹೋದರೆ ಬದಲಿಸಬಹುದಿತ್ತು. ಬದಲಿಸಲಿಲ್ಲ.

ಪಾಲಾಕ್ಷ ಮೊದಲು ಕಾರು ಓಡಿಸಿದ. ಚೆನ್ನಾಗಿಯೇ ಓಡಿಸಿದ. ನಂತರ ಗುರುಶಾಂತನ ಕಾರು ನಿಂಬೆಗಳನ್ನು ಅಪ್ಪಚ್ಚಿ ಮಾಡಿ ಚಿಮ್ಮಿತು. ಸುಟ್ಟ ರಬ್ಬರಿನ ನಡುವೆ ಹುಳಿ ವಾಸನೆ, ಅದರ ಹಿಂದೆಯೇ ಲೋಬಾನ. ಕಾರು ದೂರದ ಕತ್ತಲೆಯಲ್ಲಿ ಕರಗಿತು. ಪಾಲಾಕ್ಷನ ಕೈಯಲ್ಲಿದ್ದ ವಾಕಿಟಾಕಿ ಗೊರಗುಟ್ಟಿತು.

“ಲೇ ಪಾಲಾಕ್ಷ... ಒಳಗ ಯಾರೋ ಅದಾರ.”

“ಏನಂದಿ?”

“ಉಸಿರು... ಸಿಗವಲ್ದು.”

ಆಮೇಲೆ ಮಾತಿಲ್ಲ. ಉಸಿರಿನ ಸದ್ದು ಮಾತ್ರ. ಕಮ್ಮಾರನ ತೂತುಬಿದ್ದ ತಿದಿಯಂಥ ಸದ್ದು. ಅದು ಗಂಡಸಿನದಲ್ಲ. ಹೆಂಗಸಿನದು. ಎಳೆಯುತ್ತಿತ್ತು. ಬಿಡಲಾಗುತ್ತಿರಲಿಲ್ಲ. ಮತ್ತೆ ಎಳೆಯುತ್ತಿತ್ತು. ಪಾಲಾಕ್ಷ ಓಡಿದ. ತಿರುವಿನಾಚೆ ಕಾರು ನಿಂತಿತ್ತು. ಗೀರಿಲ್ಲ, ಜಜ್ಜಿಲ್ಲ. ಬಾಗಿಲು ತೆರೆದಿತ್ತು. ಗುರುಶಾಂತ ಡಾಂಬರಿನ ಮೇಲೆ ಬಿದ್ದಿದ್ದ. ತುಟಿ ನೀಲಿ. ಎರಡೂ ಕೈಗಳಿಂದ ತನ್ನ ಎದೆಯನ್ನೇ ಪರಚುತ್ತಿದ್ದ.

ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟರು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಔಷಧಿ ಹಿಡಿಯಲಿಲ್ಲ. ಸಂಜೆಯವರೆಗೂ ಆ ತಿದಿಯ ಸದ್ದು ಕೇಳಿ, ದೀಪ ಹಚ್ಚುವ ಹೊತ್ತಿಗೆ ಪಾಲಾಕ್ಷ ಜಂಬಕ್ಕನ ಮುಂದೆ ನಿಂತಿದ್ದ. ಮಾಡಿದ್ದನ್ನು ಹೇಳಿದ. ಹಣ್ಣು ಕಡಿಮೆ ಬಿದ್ದವು ಎಂದ. ಬೇಕೆಂದೇ ಗುರುಶಾಂತನಿಗೆ ಆರಿಸಿ ಇಟ್ಟಿದ್ದನ್ನು ಹೇಳಲಿಲ್ಲ.

ಜಂಬಕ್ಕ ಒಲೆಯ ಕಟ್ಟಿಗೆಯನ್ನು ಹಿಂದಕ್ಕೆಳೆದಳು.

“ಇಟ್ಟ ಕೈಲೇ ಎತ್ತಬೇಕು. ಗಾಲಿಗೆ ಹತ್ತಿದ ಸಿಪ್ಪಿ ಕೆರೆದು ತಗೊಂಡು ನಿಮ್ಮ ಮನಿ ಹೊಸ್ತಿಲದಾಗ ಇಟ್ಕೊಳ್ರಿ. ಅವರಿಗೆ ಬಿಡತೈತಿ. ನಿಮಗ ಬರತೈತಿ.”

“ಬ್ಯಾರೆ ದಾರಿ?”

“ಎತ್ತಿದಲ್ಲೇ ತಿರುಗಿ ಇಟ್ರ ಬಂದ ಮನಿಗೇ ಹೊಕ್ಕತಿ. ನಮ್ಮ ಮನಿಗೆ.” ಅವಳು ಒಳಕೋಣೆಯತ್ತ ನೋಡಿದಳು. “ವರ್ಷದ ಮ್ಯಾಲೆ ಇವತ್ತ ಕುಂತು ಗಂಜಿ ಕುಡದಾಳ. ಕೇಳಿದ್ರಿ ಅಂತ ಹೇಳಿದೆ. ನೀವು ಓದಿದವರು, ಹಂಗ ಮಾಡಂಗಿಲ್ಲ.”

ತಿರುವಿನಾಚೆ ಇನ್ನೂ ನಿಂತಿದ್ದ ಗುರುಶಾಂತನ ಕಾರಿನ ಗಾಲಿಗಳ ಸೀಳುಗಳಿಂದ ಪಾಲಾಕ್ಷ ಸಿಪ್ಪೆಯನ್ನು ಉಗುರಿನಿಂದ ಕೆರೆದ. ಒಣಗಿರಬೇಕಿತ್ತು. ಬೆಚ್ಚಗಿತ್ತು. ಮುಷ್ಟಿಯೊಳಗೆ ಮೆಲ್ಲಗೆ ಉಬ್ಬಿತು, ಇಳಿಯಿತು, ಉಬ್ಬಿತು. ಮನೆಯ ಕಡೆಗೇ ಕಾರು ಹೊರಡಿಸಿದ. ಆ ಮೂರುದಾರಿಯ ಬಳಿ ಅವನ ಎದೆ ಒಮ್ಮೆ ಬಿಗಿಯಿತು. ಒಂದೇ ಸಲ. ಬ್ರೇಕು ಒತ್ತಿದ. ಇದು ಬರೀ ಸಿಪ್ಪೆ, ಎಂದುಕೊಂಡ. ಇದರಲ್ಲಿ ಹುಳಿಯ ಹೊರತು ಏನೂ ಇಲ್ಲ, ಎಲ್ಲಿಟ್ಟರೇನು. ಇಳಿದ. ಬಾಗಿದ. ಮುತ್ತುಗದ ಎಲೆ ಇನ್ನೂ ಅಲ್ಲೇ ಇತ್ತು. ಮುಷ್ಟಿ ತೆರೆದ.

ಅವನು ಕಾರಿಗೆ ಹತ್ತುವ ಮೊದಲೇ ಫೋನು ಬಡಿದುಕೊಂಡಿತು. ಗುರುಶಾಂತ. “ಉಸಿರು ಬಂತಲೇ,” ಎಂದು ಅಳುತ್ತಿದ್ದ.

ಮುಂದಿನ ಭಾನುವಾರ ಗುರುಶಾಂತ ತನ್ನ ಕೈಯಾರೆ ಕಪ್ಪನ್ನು ಪಾಲಾಕ್ಷನಿಗೆ ಕೊಟ್ಟ. ಓಡಿ ಬಂದು ಎತ್ತಿಕೊಂಡವನು ಇವನೇ ಎಂದು ಎಲ್ಲರೆದುರು ಅಪ್ಪಿಕೊಂಡ. ಹಿಂದಿರುಗುವಾಗ ಪಾಲಾಕ್ಷ ಜಂಬಕ್ಕನ ಅಂಗಡಿಯ ಮುಂದೆ ನಿಲ್ಲಿಸಬಾರದೆಂದಿದ್ದ. ನಿಲ್ಲಿಸಿದ. ಒಲೆ ಉರಿಯುತ್ತಿರಲಿಲ್ಲ. ಒಳಕೋಣೆಯಲ್ಲಿ ತಿದಿ ಎಳೆಯುತ್ತಿತ್ತು.

ಜಂಬಕ್ಕ ಹೊರಗೆ ಬಂದಳು. ಕಣ್ಣು ಕೆಂಪಾಗಿದ್ದವು.

“ಸಿಪ್ಪಿ ಮನಿಗೆ ಒಯ್ದಿದ್ರಲ್ರಿ ಸಾಹೇಬ್ರ?”

“ಹೂಂ.”

“ಹಂಗಾರ ನಾನಾ ಸರಿಯಾಗಿ ನೀವಾಳಿಸಿಲ್ಲೇನೋ. ನನ್ನ ಕೈದೇ ತಪ್ಪು.” ಅವಳು ಸೆರಗಿನಿಂದ ಬೆಂಚು ಒರೆಸಿದಳು. “ನಿಮಗೂ ಭಾಳ ತ್ರಾಸ ಇರಬೇಕು. ಕುಂಡ್ರಿ, ಬಿಸಿನೀರು ಕಾಸಿ ಕೊಡ್ತೀನಿ.”

ಪಾಲಾಕ್ಷ ಕುಳಿತ. ಗಾಳಿ ಅವನೊಳಗೆ ಸಲೀಸಾಗಿ ಹೋಗಿ ಬರುತ್ತಿತ್ತು. ಲೋಟ ತಂದ ಜಂಬಕ್ಕ ಅವನ ಎದೆಯನ್ನೇ ನೋಡುತ್ತ ನಿಂತಳು.

ಅವನು ಕೆಮ್ಮಿದ. ಸುಳ್ಳು ಕೆಮ್ಮು.

ಒಳಕೋಣೆಯಿಂದ ನಿಜವಾದದ್ದು ಕೇಳಿತು. ಆಮೇಲೆ ತಿದಿಯ ಸದ್ದು ನಿಂತಿತು.