ಅಮಾವಾಸ್ಯೆ ಮುಂಚಿನ ಎರಡು ಚುಕ್ಕಿ

"ಆ ಎರಡು ಚುಕ್ಕಿ ಅಳಿಸ್ರೀ!"

ಕೊಳ್ಳೇಗಾಲದ ರೇಷ್ಮೆ ಬೆಳೆಗಾರರ ಸಂಘದೊಳಗೆ ನುಗ್ಗಿದ ಮಾಂಬಳ್ಳಿಯ ಚನ್ನಬಸವ, ಕಂಪ್ಯೂಟರಿನತ್ತ ಬೆರಳು ಚಾಚಿ ಗುಡುಗಿದ.

ಲಿಖಿತಾ ಕುರ್ಚಿ ಬಿಟ್ಟೇಳಲಿಲ್ಲ. ಅವಳು ಮಗ್ಗದ ಮನೆಯ ಹುಡುಗಿ. ವಾರವಿಡೀ ಕೋಡ್ ಬರೆದು, ಗೂಡಿನ ತೂಕಕ್ಕೊಂದು, ನೂಲಿನ ಉದ್ದಕ್ಕೊಂದು ಬಾಕ್ಸ್ ಪ್ಲಾಟ್ ಎಂಬ ಪಟ ಮಾಡಿದ್ದಳು. ಊರಿಗೊಂದು ಪೆಟ್ಟಿಗೆ. ರೈತರು ಒಂದು ಸಲಕ್ಕೆ ತಂದ ಗೂಡಿನ ರಾಶಿಯೇ ಒಂದು ಲಾಟ್; ನಡುವಿನ ಅರ್ಧದಷ್ಟು ಲಾಟ್ ಪೆಟ್ಟಿಗೆಯ ಒಳಗೆ. ತೀರಾ ಬೇರೆಯಾದವು ಹೊರಗೆ, ಚುಕ್ಕಿಗಳಾಗಿ.

"ಯಾಕ್ ಅಳಿಸ್ಬೇಕು?"

"ಮಾಂಬಳ್ಳಿ ಗೂಡು ಕಳಪೆ ಅಂತ ಎಲ್ಲಾ ನಗಾಡ್ತಾವ್ರೆ!"

"ನಿಮ್ಮೂರ ಪೆಟ್ಟಿಗೆ ಎಲ್ರಿಗಿಂತ ಮೇಲದೆ, ಕಣ್ಬಿಟ್ಟು ನೋಡಿ! ಕೆಳಗೆ ಬಿದ್ದಿರೋದು ಎರಡೇ ಲಾಟ್."

ಮೌಸನ್ನು ಒಂದೊಂದೇ ಚುಕ್ಕಿಯ ಮೇಲಿಟ್ಟಳು. ಎರಡಕ್ಕೂ ಒಂದೇ ಹೆಸರು ಮೂಡಿತು: ಶಿವರತ್ನಮ್ಮ.

ಅವನ ತಾಯಿ...

"ನಮ್ಮವ್ವನ ಮಾನ ಕಳೀತೀರಾ?"

ಅಧ್ಯಕ್ಷ ಗುರುಪಾದಸ್ವಾಮಿ ಕೆಮ್ಮಿದರು. "ಅಳಿಸ್ಬುಡವ್ವ. ಇಲ್ದಿದ್ರೆ ನಾಳೆಯಿಂದ ಕೆಲ್ಸಕ್ಕೆ ಬರಬ್ಯಾಡ."

ಇದು ಲಿಖಿತಾಳ ಮೊದಲ ಕೆಲಸ!

"ಅಳಿಸಲ್ಲ ಸಾ. ಎರಡು ಅಳಿಸಿದ್ರೆ ಉಳಿದಿದ್ದನ್ನ ಯಾರು ನಂಬ್ತಾರೆ?" ಆಮೇಲೆ ಚನ್ನಬಸವನತ್ತ ತಿರುಗಿದಳು. "ಬೈಯೋಕ್ ಮುಂಚೆ ತಾರೀಖು ಓದಿ."

ಅವನು ಓದಿದ. ಎರಡೂ ಅಮಾವಾಸ್ಯೆಯ ಹಿಂದಿನ ದಿನ! ಅಮಾವಾಸ್ಯೆಗೆ ಅವ್ವ ಗೂಡು ಬಿಡಿಸುವುದಿಲ್ಲ. ಒಂದು ದಿನ ಮೊದಲೇ ಬಿಡಿಸಿಬಿಡುತ್ತಾಳೆ, ಹುಳು ಪೂರ್ತಿ ನೂಲು ಸುತ್ತುವ ಮುನ್ನವೇ.

ಚನ್ನಬಸವ ಬಾಗಿಲು ದಾಟಿ ಹೊರಟುಹೋದ. 'ಇಷ್ಟೇನಾ ಗಂಡಸ್ತನ?' ಎಂದು ಅವಳ ಮನಸ್ಸು ಉರಿಯಿತು.

ಮರುದಿನ ಬೇಕೆಂದೇ ಕೆಲಸಕ್ಕೆ ಬಂದು ಕೂತಳು. ಅಧ್ಯಕ್ಷರು ಬಾಯಿ ತೆರೆಯುವಷ್ಟರಲ್ಲಿ ಚನ್ನಬಸವ ಒಳಬಂದ.

"ತಪ್ಪು ನಮ್ದು ಸಾ. ಈ ಹುಡ್ಗೀನ ಕಳಿಸಿದ್ರೆ ನಮ್ ಗೂಡೂ ಈ ಸಂಘಕ್ಕೆ ಬರಲ್ಲ!"

ಅವಳ ಕೆಲಸ ಉಳಿಯಿತು. ಮುಂದಿನ ಬೆಳೆಯಲ್ಲಿ ಅವನು ಅವ್ವನ ಮಾತು ಮೀರಿ ಅಮಾವಾಸ್ಯೆಯಂದೇ ಗೂಡು ಬಿಡಿಸಿದ. ನೂಲು ಎಂದಿಗಿಂತ ಉದ್ದ ಬಂತು! ಅಷ್ಟರಲ್ಲಿ 'ಪಟ ನೋಡಕ್ಕೆ' ಎಂದು ಅವನು ಹನ್ನೊಂದು ಸಲ ಬಂದು ಹೋಗಿದ್ದ. ನೋಡಿದ್ದು ಮಾತ್ರ ಪಟವನ್ನಲ್ಲ...

"ಅವ್ವ ನಿಮ್ಮನ್ನ ಕರ್ಕಬಾ ಅಂದವ್ಳೆ," ಎಂದ ಒಂದು ಮಧ್ಯಾಹ್ನ.

"ಬಯ್ಯಕ್ಕಾ?"

"ಮೊದ್ಲು ಬಯ್ಯಕ್ಕೆ. ಆಮೇಲೆ ನೋಡಕ್ಕೆ." ಅವನು ಒಂದು ಹೆಜ್ಜೆ ಹತ್ತಿರ ಬಂದ. "ನೀವಿಲ್ದೆ ನಂಗಾಗಲ್ಲ ಕಣ್ರಿ. ಜಾತಿ ಬ್ಯಾರೆ ಅಂತ ಎರಡೂರೂ ಎದುರು ನಿಂತ್ಕತವೆ..."

"ನಿಂತ್ಕಳ್ಲಿ. ನಾವೂ ನಿಂತ್ಕಳಣ."

ಲಿಖಿತಾ ಚಪ್ಪಲಿ ಮೆಟ್ಟಿದಳು.

"ನಡೀರಿ, ಅತ್ತೆ ಕಾಯ್ತಿರ್ತಾರೆ."

"ಏನಂದ್ರಿ?"

"ಕೇಳಿಸ್ತಲ್ಲಾ... ನಡೀರಿ!"