ಎಡಗೈ ಎತ್ತಿದ ಮಕ್ಕಳು

“ನಿಮ್ಮ ಪಾಠ ಸುಳ್ಳು.”

ಹೇಮಾಂಗಿ ನಾಖವಾ ಮಕರಂದ ಸಾವಂತನಿಗೆ ಆಡಿದ ಮೊಟ್ಟಮೊದಲ ಮಾತು ಇದು. ಅದೂ ಇಡೀ ತಂಡದ ಎದುರಿಗೆ.

ಕೊಂಕಣದ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ದಡದ ಆ ಶಾಲೆಗೆ ಶಿಕ್ಷಕ ತರಬೇತಿಯವರು ಅಭ್ಯಾಸ ಪಾಠಕ್ಕೆ ಬಂದಿದ್ದರು. ಒಬ್ಬರು ಪಾಠ ಮಾಡುವುದು, ಉಳಿದವರು ಹಿಂದೆ ಕೂತು ತಪ್ಪು ಹುಡುಕುವುದು. ಮಕರಂದನ ಪಾಠದಲ್ಲಿ ಯಾರಿಗೂ ತಪ್ಪು ಸಿಕ್ಕಿರಲಿಲ್ಲ. ಅವನು ಕೇಳುವುದೇ ತಡ, ಮಕ್ಕಳು ಪಟಪಟನೆ ಉತ್ತರ ಹೇಳಿದ್ದರು.

“ಸುಳ್ಳು ಹೇಗೆ?” ಎಂದ ಮಕರಂದ.

“ಇದೇ ಪಾಠ ನಿನ್ನೆಯೇ ಒಮ್ಮೆ ಮಾಡಿಟ್ಟಿದ್ದೀರಿ. ನೀವು ಪ್ರಶ್ನೆ ಕೇಳೋಕೆ ಮುಂಚೆನೇ ಮುಂದಿನ ಸಾಲಿನ ಹುಡುಗಿ ತುಟಿ ಆಡಿಸ್ತಿದ್ದಳು.”

“ಎಲ್ಲರೂ ಮಾಡೋದೇ ಅದು. ನೀವೇನು ಹರಿಶ್ಚಂದ್ರನ ಮೊಮ್ಮಗಳಾ?”

“ಅಲ್ಲ, ಮೀನು ಮಾರೋಳ ಮಗಳು. ನಿನ್ನೆಯ ಮೀನನ್ನ ಇವತ್ತಿನದು ಅಂತ ಮಾರೋರನ್ನ ದೂರದಿಂದಲೇ ಗುರುತು ಹಿಡೀತೀನಿ.”

ಎಲ್ಲರೂ ಗೊಳ್ಳೆಂದು ನಕ್ಕರು. ಮಕರಂದನ ಕಿವಿ ಕೆಂಪಾಯಿತು. ಅಲ್ಲಿಗೆ ಅವನ ಕಥೆ ಮುಗಿಯಿತು ಅನ್ನಿ! ಮಳೆಗಾಲ ಕಳೆಯುವಷ್ಟರಲ್ಲಿ ಅವಳು ಎದುರಿಗೆ ಕೂರದಿದ್ದರೆ ಅವನ ಗಂಟಲಲ್ಲಿ ಚಹಾ ಇಳಿಯದಂತಾಗಿತ್ತು.

ಹೇಮಾಂಗಿಯೂ ಸೋತಿದ್ದಳು. ಆದರೆ ಅವಳು ಮನಸ್ಸನ್ನು ಅಷ್ಟು ಸುಲಭಕ್ಕೆ ಬಿಚ್ಚುವವಳಲ್ಲ. ಒಂದು ಸಂಜೆ ದೋಣಿಕಟ್ಟೆಯ ಮೇಲೆ ಕೂತು, ಯಾರಿಗೂ ಹೇಳದ ಮಾತನ್ನು ಅವನಿಗೆ ಹೇಳಿದಳು.

“ನಾಲ್ಕನೇ ತರಗತೀಲಿ ನಮ್ಮ ಗುರೂಜಿ ಒಂದು ಉಪಾಯ ಮಾಡಿದ್ರು. ಸಾಹೇಬರು ತಪಾಸಣೆಗೆ ಬಂದಾಗ ಎಲ್ಲರೂ ಕೈ ಎತ್ತಬೇಕು. ಉತ್ತರ ಗೊತ್ತಿದ್ದೋರು ಬಲಗೈ, ಗೊತ್ತಿಲ್ಲದೋರು ಎಡಗೈ. ಬಲಗೈ ಎತ್ತಿದೋರನ್ನ ಮಾತ್ರ ಎಬ್ಬಿಸೋರು.”

“ನೀನು?”

“ಎಡಗೈ. ತಪಾಸಣೆ ಮುಗಿದ ಮೇಲೂ ಅದೇ ರೂಢಿ ಆಗೋಯ್ತು. ನನ್ನನ್ನ ಯಾರೂ ಏನೂ ಕೇಳಲಿಲ್ಲ. ಏಳನೇ ತರಗತಿಗೆ ಬಂದ್ರೂ ನನಗೆ ಓದೋಕೇ ಬರ್ತಿರಲಿಲ್ಲ, ಮಕರಂದ. ಆಯಿ, ನಮ್ಮಮ್ಮ, ಒಣಮೀನು ಕಟ್ಟಿಕೊಡೋ ಪೇಪರ್ ಹಿಡ್ಕೊಂಡು ನಾನೇ ಅಕ್ಷರ ಕೂಡಿಸಿದೆ.”

ಅವನು ಮೆಲ್ಲಗೆ ಅವಳ ಕೈ ಹಿಡಿದ.

“ಗೊತ್ತಿಲ್ಲ ಅನ್ನೋ ಮಗು ನನ್ನ ಕ್ಲಾಸಲ್ಲಿ ಹೆದರಬಾರದು,” ಎಂದಳು ಅವಳು. “ಅದು ಬಾಯಿಬಿಟ್ಟು ಗೊತ್ತಿಲ್ಲ ಅಂದರೆ, ಪಾಠ ಅಲ್ಲಿಂದಲೇ ಶುರು. ನನಗೆ ಬರೋ ವಿದ್ಯೆ ಇಷ್ಟೇ.”

“ನಿನ್ನಂಥ ಟೀಚರ್ ಸಿಕ್ಕಿದ್ರೆ ನಾನೂ ಮನುಷ್ಯ ಆಗ್ತಿದ್ದೆ,” ಎಂದ ಅವನು. ಆ ಮಾತು ಹೇಮಾಂಗಿಯ ಎದೆಯೊಳಗೆ ಹೋಗಿ ಕೂತುಬಿಟ್ಟಿತು.

ಪರೀಕ್ಷೆಯ ಪಾಠ ಹತ್ತಿರವಾಯಿತು. ಮನೆಯಲ್ಲಿ ಆಯಿ ಖಡಾಖಂಡಿತವಾಗಿ ಹೇಳಿದ್ದಳು: ಪಾಸಾದರೆ ಟೀಚರ್, ಇಲ್ಲದಿದ್ದರೆ ದೋಣಿ ಮಾಲೀಕರ ಮಗನೊಂದಿಗೆ ಮದುವೆ. ಹೊರಗಿನಿಂದ ಬರುವ ಪರೀಕ್ಷಕರು ಬಹಳ ಕಟ್ಟುನಿಟ್ಟು ಎಂಬ ಸುದ್ದಿಯೂ ಇತ್ತು.

“ಒಂದ್ಸಲ ಆದರೂ ಮಕ್ಕಳಿಗೆ ಪಾಠ ಹೇಳಿಕೊಟ್ಟು ಇಟ್ಟುಕೋ. ಹಟ ಮಾಡಬೇಡ,” ಎಂದು ಮಕರಂದ ಗೋಗರೆದ.

“ನನ್ನ ಮೇಲೆ ನಂಬಿಕೆ ಇಲ್ವಾ?”

“ಇದೆ...”

ಇತ್ತೇ? ನೀವೇ ನೋಡಿ.

ಪರೀಕ್ಷೆಯ ದಿನ ನಾಲ್ಕನೇ ತರಗತಿಗೆ ಭಾಗಾಕಾರದ ಪಾಠ. ಹೇಮಾಂಗಿ ಭಾಕರಿ, ಅಂದರೆ ಅಕ್ಕಿ ರೊಟ್ಟಿ, ತಂದಿದ್ದಳು. ಮುರಿದು, ಹಂಚಿ, ಕಥೆ ಹೇಳಿ, ಕೊನೆಗೆ ಕೇಳಿದಳು.

“ಮೂರು ಭಾಕರಿ, ಆರು ಜನ. ಒಬ್ಬೊಬ್ಬರಿಗೆ ಎಷ್ಟು?”

ಇಡೀ ತರಗತಿಯ ಕೈ ಮೇಲೆದ್ದಿತು. ಪರೀಕ್ಷಕರು ತಲೆದೂಗಿದರು. ಹೇಮಾಂಗಿಗೆ ಸಂತೋಷದಿಂದ ಕಣ್ಣು ತುಂಬಿತು. ಅಯ್ಯೋ, ಎಲ್ಲರಿಗೂ ಬಂತೇ! ಮೂಲೆಯಲ್ಲಿ ಕೂರುವ, ಬಾಯೇ ಬಿಡದ ಸಗುಣಾ ಕೂಡ ಕೈ ಎತ್ತಿದ್ದಾಳೆ!

“ಸಗುಣಾ, ನೀನು ಹೇಳು ಪುಟ್ಟಾ.”

ಸಗುಣಾ ಎದ್ದು ನಿಂತಳು.

“ಟೀಚರ್... ನಂದು ಎಡಗೈ.”

“ಏನಂದೆ?”

“ಎಡಗೈ ಎತ್ತಿದೋರನ್ನ ಕೇಳಲ್ಲ ಅಂತ ಮಕರಂದ ಗುರೂಜಿ ಹೇಳಿದ್ರು. ನೀವ್ಯಾಕೆ ಕೇಳಿದ್ರಿ...” ಎಂದು ಆ ಮಗು ಬಿಕ್ಕಿಬಿಕ್ಕಿ ಅತ್ತಿತು.

ಹೇಮಾಂಗಿ ಸುತ್ತ ನೋಡಿದಳು. ಬಲಗೈಗಳ ನಡುವೆ ಎಷ್ಟೊಂದು ಎಡಗೈಗಳು... ಅವಳ ಬಾಲ್ಯದ ಗಾಯವನ್ನು ಕೇಳಿದ್ದು ಒಬ್ಬನೇ ಒಬ್ಬ. ಅವನೇ ಅದನ್ನು ತೆಗೆದು ಅವಳ ಮಕ್ಕಳ ಮೇಲೆ ಪ್ರಯೋಗಿಸಿದ್ದ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು?

ಪರೀಕ್ಷಕರು ಎದ್ದರು. “ಮಕರಂದ ಯಾರು? ಇದು ನಿಜವಾ?”

ಹೇಮಾಂಗಿ ಹಿಂದಿನ ಬೆಂಚಿನತ್ತ ನೋಡಿದಳು. ‘ಹೇಳು, ಮಕರಂದ. ಒಂದು ಮಾತು ಹೇಳು, ಸಾಕು.’

ಮಕರಂದ ಎದ್ದು ನಿಂತ. ತಲೆ ತಗ್ಗಿಸಿದ. “ನನಗೆ... ಗೊತ್ತಿಲ್ಲ ಸರ್. ಮಗು ಹೆದರಿ ಏನೋ ಹೇಳ್ತಿದೆ.”

ಅಷ್ಟು ಚಿಕ್ಕ ಮಗುವನ್ನು ಸುಳ್ಳುಗಾತಿ ಮಾಡಿದ. ಹೇಮಾಂಗಿ ಅಳಲಿಲ್ಲ. ಸಗುಣಾಳ ಪಕ್ಕ ಹೋಗಿ ಕೂತಳು.

“ನೀನು ನಿಜ ಹೇಳಿದೆ. ಬಾ, ಮೊದಲು ಎರಡು ಭಾಕರಿ, ನಾಲ್ಕು ಜನ ಮಾಡೋಣ.”

ಗಂಟೆ ಹೊಡೆಯಿತು. ಪಾಠ ಅರ್ಧಕ್ಕೇ ನಿಂತಿತು. ಮಕ್ಕಳಿಗೆ ಮೋಸ ಕಲಿಸಿದ್ದು ಅವಳೇ ಎಂದು ತೀರ್ಮಾನವಾಯಿತು. ಹೇಮಾಂಗಿ ಫೇಲು.

ಹೊರಗೆ ಮಕರಂದ ಓಡಿಬಂದ. “ಹೇಮಾ, ನಿನಗೋಸ್ಕರ ಮಾಡಿದೆ...”

“ನನ್ನ ಹೆಸರು ಹೇಳಬೇಡ,” ಎಂದಳು ಅವಳು. “ನಮ್ಮ ಗುರೂಜಿನಾದ್ರೂ ಕ್ಷಮಿಸ್ತೀನಿ. ಅವರಿಗೆ ನನ್ನ ನೋವು ಗೊತ್ತಿರಲಿಲ್ಲ. ನಿನಗೆ ಗೊತ್ತಿತ್ತು.”

ಅವಳು ಊರಿಗೆ ಹೋದಳು. ದೋಣಿ ಮಾಲೀಕರ ಮಗನನ್ನು ಒಲ್ಲೆ ಎಂದಳು. ಇನ್ನೊಂದು ವರ್ಷ ಕೊಡು ಎಂದು ಆಯಿಯ ಕಾಲು ಹಿಡಿದಳು. ಹಗಲೆಲ್ಲ ಮೀನು ಮಾರುಕಟ್ಟೆಯಲ್ಲಿ ಆಯಿಯ ಪಕ್ಕ ಕೂತು ಬಾಂಗಡೆ ಮಾರಿದಳು. ತರಬೇತಿಯ ಗೆಳತಿಯರು ಯಾರಾದರೂ ಮಕರಂದನ ಹೆಸರೆತ್ತಿದರೆ ಎದೆ ಉರಿಯುತ್ತಿತ್ತು. ನಂಬಿದ್ದಕ್ಕೆ ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ಒಂದು ಮಧ್ಯಾಹ್ನ ಅವನೇ ಬಂದು ಬುಟ್ಟಿಯ ಮುಂದೆ ನಿಂತ. ಸೊರಗಿದ್ದ.

“ಪ್ರಾಚಾರ್ಯರಿಗೆ ಎಲ್ಲಾ ಹೇಳಿದೆ. ನನ್ನ ಫಲಿತಾಂಶ ರದ್ದಾಯ್ತು.”

“ನನ್ನದು?”

“ಪಾಠ ಅರ್ಧಕ್ಕೇ ನಿಂತಿದ್ದರಿಂದ ಬದಲಾಗಲ್ಲ ಅಂದರು. ಮುಂದಿನ ವರ್ಷವೇ ಅಂತೆ.”

“ಮತ್ತೆ ಇಲ್ಲಿಗ್ಯಾಕೆ ಬಂದೆ?”

“ಸಗುಣಾ ಶಾಲೆ ಬಿಟ್ಟಿದ್ದಳು, ಹೇಮಾಂಗಿ. ತಾನು ಬಾಯಿಬಿಟ್ಟಿದ್ದಕ್ಕೇ ಟೀಚರ್ ಫೇಲಾದ್ರು ಅಂತ. ಅವಳ ಮನೆಗೆ ಹೋದೆ. ಅವಳ ಅಪ್ಪ ಅಮ್ಮನ ಎದುರಿಗೆ, ಸುಳ್ಳು ಹೇಳಿದ್ದು ನಾನು, ನಿಮ್ಮ ಮಗಳಲ್ಲ ಅಂದೆ. ಅವರಪ್ಪ ಕಪಾಳಕ್ಕೆ ಬಿಟ್ಟ. ಸರಿಯಾಗೇ ಬಿಟ್ಟ.”

ಬಾಂಗಡೆ ಜೋಡಿಸುತ್ತಿದ್ದ ಹೇಮಾಂಗಿಯ ಕೈ ನಿಂತಿತು. “ಅವಳು... ಶಾಲೆಗೆ ಬಂದಳಾ?”

“ನಿನ್ನೆ ಬಂದಳು. ಮುಂದಿನ ಸಾಲಲ್ಲಿ ಕೂತಿದ್ದಳಂತೆ.”

ಅವಳು ಮುಖ ತಿರುಗಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇಷ್ಟು ದಿನ ತಡೆದಿಟ್ಟದ್ದೆಲ್ಲ ಉಕ್ಕಿ ಬಂತು.

“ಇನ್ನೊಂದು ಮಾತಿದೆ,” ಎಂದ ಮಕರಂದ. “ನಿನಗೋಸ್ಕರ ಮಾಡಿದೆ ಅಂದಿದ್ದೆ. ಅದೂ ಸುಳ್ಳು. ನೀನು ಫೇಲಾದ್ರೆ ಬೇರೆಯವನ ಮನೆ ಸೇರ್ತೀಯ ಅನ್ನೋ ಭಯ ನನಗೆ. ನನಗೋಸ್ಕರ ಮಾಡಿದೆ. ನೀನು ಗೆಲ್ತೀಯ ಅಂತ ನಾನು ನಂಬಲೇ ಇಲ್ಲ.”

ಪಕ್ಕದಲ್ಲಿ ಸುರ್ಮೈ ಮೀನು ಕತ್ತರಿಸುತ್ತಿದ್ದ ಆಯಿಗೆ ಸಹನೆ ಮೀರಿತು. “ಯಾರೇ ಇವನು? ಮೀನು ತಗೊಳ್ಳೋ ಹಾಗಿದ್ರೆ ತಗೊಳ್ಳಲಿ, ಇಲ್ಲ ಅಂದ್ರೆ ಗಿರಾಕಿಗೆ ದಾರಿ ಬಿಡಲಿ.”

“ಗಿರಾಕಿ ಅಲ್ಲ, ಆಯಿ.”

“ಮತ್ಯಾರು?”

ಹೇಮಾಂಗಿ ಅವನನ್ನು ನೋಡಿದಳು. ಸಿಟ್ಟು ಹಾಗೇ ಇತ್ತು. ಅದರ ಅಡಿಯಲ್ಲಿ ಹಾಳಾದ ಪ್ರೀತಿಯೂ ಹಾಗೇ ಇತ್ತು.

“ನನಗೆ ಮೋಸ ಮಾಡಿದೋನು,” ಎಂದಳು. “ಮದುವೆ ಅಂತ ಆದರೆ ಇವನನ್ನೇ ಆಗೋದು.”

ಆಯಿ ಕತ್ತಿ ಕೆಳಗಿಟ್ಟಳು. ಮಕರಂದನ ಕಣ್ಣು ತುಂಬಿ ಹರಿಯಿತು.

“ಹೇಮಾ... ಕ್ಷಮಿಸಿದೆಯಾ?”

“ಇಲ್ಲ. ಇನ್ನೂ ಇಲ್ಲ.”

“ಕಾಯಲಾ?”

ಅವಳು ಕೂತಲ್ಲೇ ಸ್ವಲ್ಪ ಸರಿದು, ಪಕ್ಕದಲ್ಲಿ ಜಾಗ ಮಾಡಿದಳು.

“ಕೂತ್ಕೊಂಡು ಕಾಯಿ. ಬಿಸಿಲು ಜಾಸ್ತಿ ಇದೆ.”